ಎಡಗಿವಿಯ ಹಿಂದೆ

ಕಾಲುಚೀಲದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ.
ಈಗ ಅಲ್ಲಿ ಏಳು ತಲೆಗಳು.
ಎಂಟನೆಯದು ನನ್ನದು: ಬಾಗಿಲ ಬಳಿ ಕುರ್ಚಿಯಲ್ಲಿ,
ಮೂರು ವಾರದ ಮಟ್ಟಿಗೆ ಕಾವಲಿಗಿಟ್ಟದ್ದು.

ಗ್ಯೂಮ್ರಿಯ ಡಿಸೆಂಬರಿನಲ್ಲಿ
ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಾಜು.
ಒಳಗೆ ಒಂದೇ ಹೀಟರು. ಅದರ ಮುಖವೂ
ನನ್ನ ಕಡೆಗಿಲ್ಲ, ಕಲ್ಲಿನ ಕಡೆಗೆ.

ತಲೆಗಳೆಲ್ಲ ಕಪ್ಪು ಟಫ್ ಕಲ್ಲಿನವು.
ಬೆಂಕಿ ಕಾರಿದ ಬೆಟ್ಟದ ಬೂದಿ, ಕೂತು ಕೂತು ಗಟ್ಟಿಯಾದದ್ದು;
ನಮ್ಮ ಗೋಡೆ, ಇಗರ್ಜಿ, ಗೋರಿ, ಎಲ್ಲ ಅದರದೇ.
ಕ್ರೇನು ಓಡಿಸಿದವನಿಗೆ
ಅದರ ತೂಕ ಯಾರೂ ಹೇಳಿಕೊಡಬೇಕಿಲ್ಲ.
ಆ ಚಳಿಗಾಲ ಭೂಮಿ ಮಗ್ಗಲು ಬದಲಿಸಿದಾಗ
ಹದಿನೆಂಟು ದಿನ ಎತ್ತಿದ್ದೇನೆ.
ಊರಿಗೆ ಆಗ ಬೇರೆ ಹೆಸರು.
ನನ್ನ ಲೈಸೆನ್ಸಿನಲ್ಲಿ ಇನ್ನೂ ಅದೇ ಇದೆ.

ಶಿಲ್ಪಿ ಯೆರಾನುಹಿ. ಆ ಹೆಸರೂ ಅವಳದಲ್ಲ,
ರಾತ್ರಿ ಪಾಳಿಯ ದಾದಿಯೊಬ್ಬಳು
ತೀರಿಕೊಂಡ ತನ್ನ ಅಜ್ಜಿಯದನ್ನು ಎರವಲು ಕೊಟ್ಟದ್ದು.
ಎರಡು ವರ್ಷದ ಕೂಸು, ಮೈಯೆಲ್ಲ ಸುಣ್ಣ,
ಆಡಿದ ಮಾತು ಒಂದೇ: ನೀರು.
ಅಲ್ಲ, ನನ್ನ ಕ್ರೇನು ಎತ್ತಿದ ಕೂಸಲ್ಲ.
ವಿಚಾರಿಸಿದ್ದೇನೆ.

ಏಳು ಮನೆಯವರು ಬಂದರಂತೆ ಆಸ್ಪತ್ರೆಗೆ.
ಒಬ್ಬರು ಹಣೆಯಂಚಿಗೆ ಸಮೋವರ್ ಸುಟ್ಟ ಕಲೆ ಹುಡುಕಿದರು.
ಒಬ್ಬರು ನೆತ್ತಿಯಲ್ಲಿ ಎರಡು ಸುಳಿ.
ಒಬ್ಬ, ಕಿವಿ ಮಡಿಸಿ, ಹಿಂದೊಂದು ಮಚ್ಚೆ.
ಒಬ್ಬಳು ಏನನ್ನೂ ಹುಡುಕಲಿಲ್ಲ;
ಕೂಸಿನ ಕತ್ತು ಮೂಸಿದಳು,
ಮೆಲ್ಲಗೆ ಕೆಳಗಿಟ್ಟಳು.

ಎಲ್ಲರೂ ಅಂದದ್ದು: ಅಲ್ಲ.
ಡಾಕ್ಟರು ಎಲ್ಲವನ್ನೂ ಕಡತದಲ್ಲಿ ಬರೆದಿಟ್ಟಿದ್ದರು,
ಕೈ ನಡುಗುತ್ತಿತ್ತೋ ಏನೋ, ಅಕ್ಷರ ಇರುವೆ ಸಾಲು.

ಮೂವತ್ತೈದು ದಾಟಿದ ಮೇಲೆ ಕಡತ ಅವಳ ಕೈಗೆ ಬಂತು.
ಕೆತ್ತಿದಳು: ಆ ಮನೆಯವರು ಹೌದು ಅಂದಿದ್ದರೆ
ತಾನು ಹೇಗಿರುತ್ತಿದ್ದೆ ಎಂದು, ಒಂದು ಮನೆಗೆ ಒಂದು ಮುಖ.
ಲವಾಶ್ ಸುಡುವವರ ಮನೆಯದಕ್ಕೆ ಕೆನ್ನೆ ತುಂಬಿದೆ.
ಮೇಷ್ಟರ ಮನೆಯದು ನನ್ನನ್ನೇ ಪರೀಕ್ಷಿಸುವಂತೆ ನೋಡುತ್ತದೆ.
ಒಂದರ ಕತ್ತು ಮಾತ್ರ ನುಣುಪು,
ಮೂಗು ಒತ್ತುವಷ್ಟೇ ಜಾಗ.
ಅವರವರು ಹುಡುಕಿದ ಗುರುತು ಅವರವರ ತಲೆಗೆ.
ಮಚ್ಚೆಗೆ ಕೆಂಪು ಕಲ್ಲಿನ ಒಂದು ಕಣ, ಸಾಸಿವೆಯಷ್ಟು.

ಗೋಡೆಯಲ್ಲಿ ಬರೆದಿದೆ: ಮುಟ್ಟಿ ನೋಡಿ.
ಶಾಲೆಯ ಮಕ್ಕಳು ಮೂಗಿಗೆ ಬೆರಳಿಡುತ್ತಾರೆ.
ಫ್ರಾನ್ಸಿನವನೊಬ್ಬ ಬೆಲೆ ಕೇಳಿದ.
ನನ್ನ ಹೆಂಡತಿ ಬಂದು ಧೂಳಿದೆ ಅಂದಳು.

ಮೊನ್ನೆ ಬುಧವಾರ, ಮುಚ್ಚುವ ಹೊತ್ತು,
ಕರಾಕುಲ್ ಟೋಪಿಯ ಮುದುಕ.
ಯಾವುದನ್ನೂ ನೋಡದೆ ಮೂರನೆಯದರ ಹತ್ತಿರ ಹೋದ,
ಎಡಗಿವಿಯ ಹಿಂದೆ ಹೆಬ್ಬೆರಳು ಆಡಿಸಿದ,
ಜೇಬಿನಿಂದ ಕನ್ನಡಕ ತೆಗೆದ, ಮತ್ತೆ ನೋಡಿದ.
ಪುಸ್ತಕದಲ್ಲಿ ಹೆಸರು ಬರೆಯಿರಿ ಅಂದೆ. ಬರೆಯಲಿಲ್ಲ.
ಬಾಗಿಲಲ್ಲಿ ನಿಂತು ಅಂದ: ಅಲ್ಲ.
ಟೋಪಿ ಸರಿಮಾಡಿಕೊಳ್ಳುತ್ತ ಮತ್ತೊಂದು ಮಾತು:
ಕೂದಲು ಚೆನ್ನಾಗಿ ಬಂದಿದೆ.

ಸಂಜೆ ಅವಳು ಬಂದಾಗ ಹೇಳಬಾರದು ಅಂದುಕೊಂಡಿದ್ದೆ.
ಹೇಳಿದೆ.
ಅವಳು ಒಂದೇ ಕೇಳಿದಳು: ಯಾವ ಕಿವಿ?
ಎಡ.
ಕಡತ ತೆಗೆದು ಬೆರಳಿಟ್ಟಳು. ಬಲ ಅಂತಲೇ ಇತ್ತು.

ಸಣ್ಣ ಡ್ರಿಲ್ಲು ತಂದಳು. ಟಾರ್ಚು ನಾನು ಹಿಡಿದೆ.
ಎಡಗಿವಿಯ ಹಿಂದೆ ಒಂದು ಕುಳಿ, ಕುಳಿಗೊಂದು ಕೆಂಪು ಕಣ.
ಬಲದ್ದನ್ನು ಕೀಳಲೇ ಅಂದಳು.
ಇರಲಿ ಬಿಡು, ಅಂದೆ, ಡಾಕ್ಟರೂ ನೆನಪಿಟ್ಟುಕೊಂಡವರೇ.

ಹೊಸ ಪುಡಿಯನ್ನು ಬಾಯಿಂದ ಊದಿದಳು.
ನನ್ನ ಚಹಾಕ್ಕೂ ಒಂದಿಷ್ಟು ಬಿತ್ತು.
ಚೆಲ್ಲಲಿಲ್ಲ. ಕುಡಿದೆ.